ಹಳೆಯ ಮೋಟಾರಿನ ಶುಶ್ರೂಷೆ



ಹಳೆಯ ಮೋಟಾರು ಗಾಡಿಯೊಂದನ್ನು ಮನೆಯಲ್ಲಿಟ್ಟುಕೊಂಡು, ಅದನ್ನು ಬಿಚ್ಚಿ, ತೊಳೆದು, ಮರಳಿ ಜೋಡಿಸಿ ಓಡಿಸುವವರನ್ನು ಕಂಡು ಲೋಕವು ನಗುವುದುಂಟು. ಹೊಸ ಗಾಡಿಗಳು ಬೇಕಾದಷ್ಟು ದೊರೆಯುತ್ತಿರುವಾಗ ಈ ಗೊಡವೆಯೇಕೆ ಎಂದು ಕೇಳುವವರೂ ಉಂಟು. ಪ್ರಶ್ನೆಯು ಅನ್ಯಾಯವಾದುದಲ್ಲ. ಅದಕ್ಕೆ ಉತ್ತರವನ್ನು ಕೊನೆಯಲ್ಲಿ ಹೇಳುವೆವು. ಆ ಕೆಲಸವನ್ನು ಯಾವ ಕ್ರಮದಲ್ಲಿ ಮಾಡತಕ್ಕದ್ದು, ಎಲ್ಲಿ ತಪ್ಪಿದರೆ ಪ್ರಾಣಕ್ಕೇ ಅಪಾಯ ಎಂಬುದನ್ನು ಮೊದಲು ವಿಚಾರಮಾಡೋಣ. ನಾವು ಯಂತ್ರಶಾಸ್ತ್ರವನ್ನು ಓದಿದವರಲ್ಲ. ಕಾಲೇಜಿನಲ್ಲಿ ಪಾಠ ಹೇಳುವವರು. ಆದಕಾರಣ ಇಲ್ಲಿ ಹೇಳುವುದೆಲ್ಲ ಕೈಗೆ ಮಸಿ ಹತ್ತಿಸಿಕೊಂಡು ಕಲಿತದ್ದು, ಕೆಲವನ್ನು ತಪ್ಪುಮಾಡಿ ಕಲಿತದ್ದು.

ಇಂಗ್ಲೆಂಡಿನ ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬುದು ಪ್ರಸಿದ್ಧವಾದುದು. 1962ರಿಂದ 1980ರ ವರೆಗೆ ಮೂರು ಲಕ್ಷಕ್ಕೂ ಹೆಚ್ಚು ಸ್ಪಿಟ್‌ಫೈರುಗಳು ತಯಾರಾದವು. ರಾಯಚೂರಿನ ಬೀದಿಯಲ್ಲಿ ಅದನ್ನು ಕಾಣುವ ಭಾಗ್ಯ ನಮಗೆ ಒದಗಿಲ್ಲ. ಆದರೆ ಅದರ ಹಿರಿಯಣ್ಣನನ್ನು ನಮ್ಮ ದೇಶವು ಚೆನ್ನಾಗಿ ಬಲ್ಲದು. 1959ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಟ್ರಯಂಫ್ ಹೆರಾಲ್ಡ್ ಎಂಬ ಗಾಡಿಯ ಅಡಿಗಟ್ಟನ್ನು ಸುಮಾರು ಎಂಟೂವರೆ ಅಂಗುಲ ಮೊಟಕುಗೊಳಿಸಿಯೇ ಸ್ಪಿಟ್‌ಫೈರನ್ನು ಕಟ್ಟಿದರು. ಎರಡಕ್ಕೂ ರೂಪ ಕೊಟ್ಟವನು ಮೈಕೆಲೋಟ್ಟಿ ಎಂಬ ಇಟಲಿಯ ಶಿಲ್ಪಿ. ಆ ಹೆರಾಲ್ಡನ್ನೇ 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿಯವರು ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಿಂದ ನಮ್ಮಲ್ಲಿ ತಯಾರಿಸಿದರು. 948 ಘನ ಸೆಂಟಿಮೀಟರಿನ ಸಣ್ಣ ಎಂಜಿನು; ಮುಂದಿನ ರೆಕ್ಕೆಗಳ ಸಮೇತ ಮೂತಿಯ ಕಡೆಗೆ ಮಗುಚಿಕೊಳ್ಳುವ ಬಾನೆಟ್ಟು. ಅದನ್ನು ಎತ್ತಿದರೆ ಎಂಜಿನು, ಮುಂದಿನ ಚಕ್ರಗಳು, ಸ್ಟಿಯರಿಂಗಿನ ಸಲಾಕೆಗಳು ಎಲ್ಲವೂ ಕಣ್ಣೆದುರಿಗೆ ಬರುತ್ತವೆ. ಮನೆಯಂಗಳದಲ್ಲಿ ಕೆಲಸ ಕಲಿಯುವವನಿಗೆ ಇದಕ್ಕಿಂತ ಅನುಕೂಲವಾದ ಗಾಡಿ ಸಿಕ್ಕುವುದು ದುರ್ಲಭ.

ನಮ್ಮ ಕೈಗೆ ಬಂದ ಹೆರಾಲ್ಡು ಮಾನ್ವಿಯಲ್ಲಿ ಬಂಧುಗಳ ಮನೆಯ ಹಿತ್ತಿಲಲ್ಲಿ ಒಂದು ಬೇವಿನ ಮರದ ಕೆಳಗೆ ಹಲವು ವರ್ಷ ನಿಂತಿತ್ತು. ಅದನ್ನು ಟ್ರಾಕ್ಟರಿನ ಟ್ರೈಲರಿನ ಮೇಲೆ ಹೇರಿಕೊಂಡು ರಾಯಚೂರಿಗೆ ತಂದೆವು. ಹೀಗೆ ನಿಂತ ಗಾಡಿಯನ್ನು ತಂದವನಿಗೆ ಉಂಟಾಗುವ ಮೊದಲನೆಯ ಆಸೆ, ಹೊಸ ಬ್ಯಾಟರಿ ಕೂಡಿಸಿ ಎಂಜಿನನ್ನು ಚಾಲೂ ಮಾಡಿ ನೋಡಬೇಕೆಂಬುದು. ಈ ಆಸೆಯನ್ನು ತಡೆಯುವುದೇ ಶುಶ್ರೂಷೆಯ ಮೊದಲ ಪಾಠ. ಬಹುಕಾಲ ನಿಂತ ಎಂಜಿನಿನಲ್ಲಿ ಸಿಲಿಂಡರಿನ ಗೋಡೆಗಳು ಒಣಗಿ ತುಕ್ಕಿನ ಪೊರೆ ಕಟ್ಟಿರುತ್ತವೆ. ಬಲವಂತದಿಂದ ತಿರುಗಿಸಿದರೆ ಪಿಸ್ಟನ್ನಿನ ಉಂಗುರಗಳು ಮುರಿಯುತ್ತವೆ. ಅದಕ್ಕೆ ಬದಲಾಗಿ ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದು ಸಿಲಿಂಡರಿಗೂ ಒಂದು ಚಮಚದಷ್ಟು ಎಣ್ಣೆ ಬಿಟ್ಟು, ಎರಡು ಮೂರು ದಿನ ಸುಮ್ಮನಿರಬೇಕು. ಆಮೇಲೆ ಗಾಡಿಯನ್ನು ಮೇಲಿನ ಗೇರಿಗೆ ಹಾಕಿ ಕೈಯಿಂದ ಮೆಲ್ಲನೆ ತಳ್ಳಿದರೆ, ತಿರುಗಬಹುದಾದ ಎಂಜಿನು ತಾನಾಗಿ ತಿರುಗುವುದು.

ಎರಡನೆಯ ಪಾಠವೆಂದರೆ, ಗಾಡಿಯನ್ನು ಓಡಿಸುವ ಭಾಗಗಳಿಗಿಂತ ಮೊದಲು ನಿಲ್ಲಿಸುವ ಭಾಗಗಳನ್ನೂ ತಿರುಗಿಸುವ ಭಾಗಗಳನ್ನೂ ನೋಡತಕ್ಕದ್ದು. ಬ್ರೇಕಿನ ದ್ರವವು ಗಾಳಿಯಿಂದ ನೀರನ್ನು ಹೀರುವ ಗುಣವುಳ್ಳದ್ದು. ಸಾಮಾನ್ಯವಾಗಿ ಉಪಯೋಗಿಸುವ ಡಾಟ್ 3 ಎಂಬ ದ್ರವವು ಹೊಸದಾಗಿದ್ದಾಗ 205 ಡಿಗ್ರಿ ಸೆಂಟಿಗ್ರೇಡಿನ ವರೆಗೆ ಕುದಿಯಕೂಡದೆಂದು ನಿಯಮವಿದೆ. ನೀರನ್ನು ಹೀರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಕುದಿದ ದ್ರವದಲ್ಲಿ ಆವಿಯ ಗುಳ್ಳೆಗಳೆದ್ದು, ಪೆಡಲು ನೆಲದ ತನಕ ಹೋದರೂ ಗಾಡಿ ನಿಲ್ಲುವುದಿಲ್ಲ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ದ್ರವವನ್ನು ಪೂರ್ತಿಯಾಗಿ ಬದಲಿಸಬೇಕು. ದ್ರವ ಕಡಿಮೆಯಾಯಿತೆಂದು ಎಂಜಿನ್ ಎಣ್ಣೆಯನ್ನು ಸುರಿದರಂತೂ ಒಳಗಿನ ರಬ್ಬರೆಲ್ಲ ಉಬ್ಬಿ ಕೆಟ್ಟುಹೋಗುತ್ತದೆ.

ಬ್ರೇಕನ್ನು ನಾವು ಸರಿಯಾಗಿ ನೋಡಿಕೊಂಡೆವು. ತಪ್ಪಿದ್ದು ಸ್ಟಿಯರಿಂಗಿನಲ್ಲಿ. ಈ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ಹೆರಾಲ್ಡಿನಲ್ಲಿಯೂ ಸ್ಪಿಟ್‌ಫೈರಿನಲ್ಲಿಯೂ ಮುಂದಿನ ಒಂದೊಂದು ಚಕ್ರವನ್ನೂ ಒಂದು ಉಕ್ಕಿನ ಕಂಬವು ಹಿಡಿದು ನಿಂತಿರುತ್ತದೆ. ಈ ಕಂಬದ ಕೆಳತುದಿಯಲ್ಲಿ ಬೋಲ್ಟಿನಂತೆ ಸುತ್ತುಗೆರೆಗಳಿವೆ. ಅದು ಟ್ರನಿಯನ್ ಎಂಬ ಕಂಚಿನ ತುಂಡಿನೊಳಗೆ ಸೇರಿಕೊಂಡಿರುತ್ತದೆ. ಸ್ಟಿಯರಿಂಗನ್ನು ತಿರುಗಿಸಿದಾಗಲೆಲ್ಲ ಉಕ್ಕಿನ ಈ ಬೋಲ್ಟು ಕಂಚಿನ ನಟ್ಟಿನೊಳಗೆ ಅಷ್ಟಿಷ್ಟು ಸುತ್ತುತ್ತದೆ. ಚಕ್ರವು ಗಾಡಿಗೆ ಅಂಟಿಕೊಂಡಿರುವುದಕ್ಕೆ ಕೆಳಭಾಗದಲ್ಲಿ ಇದೊಂದೇ ಆಧಾರ. ಕಂಪನಿಯ ಕೈಪಿಡಿಯು ಇದಕ್ಕೆ ಗೇರಿನ ದಪ್ಪ ಎಣ್ಣೆಯನ್ನು ಹಾಕಬೇಕೆಂದು ವಿಧಿಸುತ್ತದೆ, ಗ್ರೀಸನ್ನಲ್ಲ. ಎಣ್ಣೆಯಾದರೆ ಸುತ್ತುಗೆರೆಗಳ ಸಂದುಗಳಿಗೆ ಇಳಿದು ತಳದಲ್ಲಿ ನಿಲ್ಲುತ್ತದೆ, ನೀರನ್ನು ದೂರವಿಡುತ್ತದೆ. ಗ್ರೀಸಾದರೆ ಬಾಯಲ್ಲಿಯೇ ಗಟ್ಟಿಯಾಗಿ, ಧೂಳನ್ನು ಹಿಡಿದುಕೊಂಡು, ಒಳಕ್ಕೆ ಏನೂ ಹೋಗದಂತೆ ಬಿರಡೆ ಹಾಕಿಬಿಡುತ್ತದೆ. ಆಮೇಲೆ ಉಕ್ಕು ಒಳಗೊಳಗೇ ತುಕ್ಕು ಹಿಡಿದು ಸವೆಯುತ್ತದೆ. ಒಂದು ದಿನ ಕಂಬವು ತುಂಡಾಗಿ ಚಕ್ರವು ಗಾಡಿಯ ಅಡಿಗೆ ಮಡಚಿಕೊಳ್ಳುತ್ತದೆ.

ಈ ಕೈಪಿಡಿ ನಮ್ಮ ಬಳಿಯಲ್ಲಿತ್ತು. ನಾವು ಇಂಗ್ಲಿಷು ಓದಿದವರು. ಓದುವುದಕ್ಕೆ ಅಡ್ಡಿಯೇನೂ ಇರಲಿಲ್ಲ. ಎಂಜಿನಿನ ಅಧ್ಯಾಯವನ್ನು ಪರೀಕ್ಷೆಗೆ ಓದುವಂತೆ ಓದಿದ್ದೆವು. ಎಣ್ಣೆಯ ಪುಟವನ್ನು ಮಾತ್ರ, ಇದೇನು ಆಳುಗಳ ಕೆಲಸವೆಂದು, ತಿರುವಿಹಾಕಿದ್ದೆವು. ರಸ್ತೆಬದಿಯ ಒಂದು ಸರ್ವಿಸ್ ಅಂಗಡಿಗೆ ಗಾಡಿಯನ್ನು ಒಪ್ಪಿಸಿದೆವು. ನಿಪ್ಪಲ್ಲನ್ನು ಕಂಡ ಹುಡುಗನು ಎಲ್ಲ ಗಾಡಿಗಳಿಗೂ ಮಾಡುವಂತೆ ಗ್ರೀಸನ್ನು ತುಂಬಿದನು. ಅವನದು ತಪ್ಪಲ್ಲ, ಅವನಿಗೆ ಹೇಳತಕ್ಕವರು ನಾವು.

ಕೆಲವು ತಿಂಗಳಾದ ಮೇಲೆ ದೇವದುರ್ಗಕ್ಕೆ ಒಂದು ಮದುವೆಗೆಂದು ಮನೆಯವರೊಡನೆ ಹೊರಟೆವು. ದಾರಿಯಲ್ಲಿ ಸ್ಟಿಯರಿಂಗು ಬಿಗಿಯೆನ್ನಿಸತೊಡಗಿತು. ತಿರುವಿನಲ್ಲಿ ತಿರುಗಿಸಿದರೆ ತಾನಾಗಿ ನೆಟ್ಟಗೆ ಬರಲೊಲ್ಲದು. ಟೈರಿನಲ್ಲಿ ಗಾಳಿ ಕಡಿಮೆಯಿರಬೇಕೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಹೋಗಿ ಬಂದೆವು. ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ದೆಹೋಗಿದ್ದರು. ಮರುದಿನ ರಾಯಚೂರಿನಲ್ಲಿ ವಯಸ್ಸಾದ ಒಬ್ಬ ಮೇಸ್ತ್ರಿಗಳಿಗೆ ಗಾಡಿಯನ್ನು ತೋರಿಸಿದೆವು. ಅವರು ಚಕ್ರವನ್ನು ಎತ್ತಿ, ಎರಡು ಕೈಯಿಂದ ಹಿಡಿದು ಅಲುಗಿಸಿ ನೋಡಿ, ಕೆಳಗೆ ಬೆರಳಾಡಿಸಿ, "ಇದಕ್ಕ ಗ್ರೀಸ್ ಯಾರ್ ಹೊಡದಾರ್ರೀ ಸರ? ಇದು ಎಣ್ಣಿ ಕುಡಿಯೋ ಜಾತಿ" ಎಂದರು. ಬಿಚ್ಚಿದಾಗ ಎಡಗಡೆಯ ಕಂಬದ ಸುತ್ತುಗೆರೆಗಳು ಅರ್ಧಕ್ಕೆ ಅರ್ಧ ಸವೆದಿದ್ದವು. ಬುಡದಲ್ಲಿ ಕೂದಲೆಳೆಯಂತಹ ಒಂದು ಬಿರುಕು ಕಾಣಿಸಿತು. ಅವರು ಅದನ್ನು ನಮ್ಮ ಅಂಗೈಯಲ್ಲಿಟ್ಟು ಸುಮ್ಮನೆ ನಿಂತರು. ನಮಗೂ ಮಾತು ಹೊರಡಲಿಲ್ಲ.

ಇಂಗ್ಲೆಂಡಿನಲ್ಲಿ ಸ್ಪಿಟ್‌ಫೈರಿನ ಅಭಿಮಾನಿಗಳು ಇಂದಿಗೂ ಹೇರಳವಾಗಿರುವುದರಿಂದ ಈ ಬಿಡಿಭಾಗಗಳು ಈಗಲೂ ತಯಾರಾಗುತ್ತಿವೆ. ಹೊಸ ಕಂಬಗಳನ್ನೂ ಟ್ರನಿಯನ್ನುಗಳನ್ನೂ ತರಿಸಿ ಕೂಡಿಸಿದೆವು. ಅಂದಿನಿಂದ ಗ್ರೀಸಿನ ಒಂದು ಗನ್ನಿಗೆ ಗೇರಿನ 90ನೆಯ ನಂಬರಿನ ಎಣ್ಣೆಯನ್ನೇ ತುಂಬಿ, ಕೆಂಪು ಬಣ್ಣ ಬಳಿದು ಪ್ರತ್ಯೇಕವಾಗಿಟ್ಟಿದ್ದೇವೆ. ಮೂರು ತಿಂಗಳಿಗೊಮ್ಮೆ, ಹಳೆಯ ಎಣ್ಣೆ ಹೊರಗೆ ಒಸರಿ ಬರುವ ತನಕ ಹಾಕುತ್ತೇವೆ. ಐದು ನಿಮಿಷದ ಕೆಲಸ.

ಹಾಗಾದರೆ ಕೈಪಿಡಿಯನ್ನು ಅಕ್ಷರಶಃ ಅನುಸರಿಸಿದರೆ ಸಾಕೇ ಎಂದು ಕೇಳಬಹುದು. ಸಾಲದು. ಅದನ್ನು ಬರೆದವರು ಮೋಡ ಮುಸುಕಿದ ತಣ್ಣನೆಯ ದ್ವೀಪದವರು. ನಮ್ಮದು ಕೃಷ್ಣೆ ತುಂಗಭದ್ರೆಗಳ ನಡುವಣ ದೋಆಬ್; ಬೇಸಗೆಯಲ್ಲಿ ನೆರಳಿನಲ್ಲಿಯೇ ಉಷ್ಣತೆ 40 ಡಿಗ್ರಿಯನ್ನು ಮೀರುತ್ತದೆ. ವಿಧಿಯ ಹಿಂದಿನ ಕಾರಣವನ್ನು ತಿಳಿದರೆ ಮಾತ್ರ ಅದನ್ನು ನಮ್ಮ ಬಿಸಿಲಿಗೆ ಹೊಂದಿಸಬಹುದು. ಒಂದೆರಡು ಉದಾಹರಣೆಗಳನ್ನು ಕೊಡುತ್ತೇವೆ.

ರೇಡಿಯೇಟರಿನ ನೀರಿಗೆ ಚಳಿಗಾಲದಲ್ಲಿ ಹಿಮನಿರೋಧಕ ದ್ರವವನ್ನು ಬೆರೆಸಬೇಕೆಂದು ಕೈಪಿಡಿ ಹೇಳುತ್ತದೆ. ರಾಯಚೂರಿನಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲವೆಂದು ಅದನ್ನು ಬಿಟ್ಟರೆ ಕೆಟ್ಟೆವು. ಆ ದ್ರವಕ್ಕೆ ತುಕ್ಕನ್ನು ತಡೆಯುವ ಗುಣವೂ, ನೀರು ಬೇಗ ಕುದಿಯದಂತೆ ಮಾಡುವ ಗುಣವೂ ಉಂಟು. ನಮಗೆ ಬೇಕಾದದ್ದು ಈ ಎರಡನೆಯ ಫಲ. ಬೋರ್‌ವೆಲ್ಲಿನ ಗಡಸು ನೀರನ್ನಂತೂ ಎಂದಿಗೂ ಹಾಕಬಾರದು. ಸ್ನಾನದ ಹಂಡೆಯೊಳಗೆ ಬಿಳಿಯ ಪೊರೆ ಕಟ್ಟುವಂತೆ ರೇಡಿಯೇಟರಿನ ಸಣ್ಣ ನಾಳಗಳಲ್ಲಿಯೂ ಕಟ್ಟುತ್ತದೆ. ಬ್ಯಾಟರಿಗೆ ಹಾಕುವ ಶುದ್ಧೀಕರಿಸಿದ ನೀರೇ ಉತ್ತಮ.

ಪೆಟ್ರೋಲಿನ ವಿಷಯವೂ ಹೀಗೆಯೇ. ಅದರ ಹಗುರವಾದ ಅಂಶಗಳು 40 ಡಿಗ್ರಿಯ ಸುಮಾರಿನಲ್ಲಿಯೇ ಆವಿಯಾಗತೊಡಗುತ್ತವೆ. ಹೆರಾಲ್ಡಿನ ಪೆಟ್ರೋಲ್ ಪಂಪು ಎಂಜಿನಿನ ಮೈಗೆ ತಗಲಿಕೊಂಡಿದೆ. ಮೇ ತಿಂಗಳ ಮಧ್ಯಾಹ್ನ ಗಾಡಿಯನ್ನು ಹತ್ತು ನಿಮಿಷ ನಿಲ್ಲಿಸಿದರೆ ಪಂಪಿನೊಳಗೆ ಆವಿ ತುಂಬಿಕೊಂಡು ಎಂಜಿನು ಮತ್ತೆ ಚಾಲೂ ಆಗುವುದಿಲ್ಲ. ಅನುಭವವಿಲ್ಲದವರು ಆಗ ಕಾರ್ಬೊರೇಟರನ್ನು ಬಿಚ್ಚಲು ತೊಡಗುತ್ತಾರೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ನೆರಳಿನಲ್ಲಿ ಕಾದರೆ ಸಾಕು. ಇದರ ಮೇಲೆ ಮತ್ತೊಂದು ಹೊಸ ತೊಡಕಿದೆ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಸೇರಿತು. ಎಥನಾಲು ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಆದಕಾರಣ ಪೆಟ್ರೋಲಿನ ರಬ್ಬರ್ ನಳಿಗೆಗಳನ್ನೂ ಪಂಪಿನ ಪೊರೆಯನ್ನೂ ಎಥನಾಲನ್ನು ತಡೆಯುವ ಬಗೆಯವಕ್ಕೆ ಬದಲಿಸಬೇಕು. ತಿಂಗಳುಗಟ್ಟಲೆ ಓಡಿಸದಿರುವಾಗ ಟ್ಯಾಂಕಿಯಲ್ಲಿ ಹಳೆಯ ಪೆಟ್ರೋಲನ್ನು ಬಿಡಬಾರದು. ಬಿಸಿಯಾದ ಎಂಜಿನಿನ ಮೇಲೆ ಸೋರುವ ನಳಿಗೆಯು ಬೆಂಕಿಗೆ ಕೊಟ್ಟ ಆಹ್ವಾನವೇ ಸರಿ.

ಇನ್ನು ಆಯುಧಗಳ ಮಾತು. ಈ ಗಾಡಿಯ ನಟ್ಟು ಬೋಲ್ಟುಗಳು ಅಂಗುಲದ ಅಳತೆಯವು. ಮಿಲಿಮೀಟರಿನ ಸ್ಪ್ಯಾನರನ್ನು, ನಮ್ಮ ಕಡೆಯ ಮೇಸ್ತ್ರಿಗಳ ಮಾತಿನಲ್ಲಿ ಪಾನಾವನ್ನು, ಹಾಕಿ ತಿರುಗಿಸಿದರೆ ಮೂಲೆಗಳು ಸವೆದು ನಟ್ಟು ದುಂಡಗಾಗುತ್ತದೆ. ಅಂಗುಲದ ಪಾನಾಗಳು ನಮಗೆ ದೊರೆತದ್ದು ಮಾನ್ವಿಯ ಒಬ್ಬ ಟ್ರಾಕ್ಟರ್ ಮೇಸ್ತ್ರಿಗಳ ಪೆಟ್ಟಿಗೆಯಲ್ಲಿ. ಇದರಲ್ಲಿ ಆಶ್ಚರ್ಯವಿಲ್ಲ. 1946ರಿಂದ ಹತ್ತು ವರ್ಷ ಫರ್ಗುಸನ್ ಟ್ರಾಕ್ಟರುಗಳನ್ನು ಕೋವೆಂಟ್ರಿಯಲ್ಲಿ ಕಟ್ಟಿದವರು ಇದೇ ಸ್ಟ್ಯಾಂಡರ್ಡ್ ಕಂಪನಿಯವರೇ. ಸವೆದ ಬುಷ್ಷುಗಳನ್ನು ರಾಯಚೂರಿನಲ್ಲಿ ಹತ್ತಿಯ ಜಿನ್ನಿಂಗ್ ಯಂತ್ರಗಳ ರಿಪೇರಿ ಮಾಡುವ ಒಂದು ಲೇತ್ ಅಂಗಡಿಯವರು ಅಳತೆಗೆ ಸರಿಯಾಗಿ ಕಡೆದುಕೊಟ್ಟರು.

ಕಾನೂನಿನ ಕಡೆಗೂ ಗಮನವಿರಬೇಕು. 2021ರ ಕೇಂದ್ರ ನಿಯಮಗಳ ಪ್ರಕಾರ, ಮೊದಲು ನೋಂದಣಿಯಾಗಿ 50 ವರ್ಷ ಕಳೆದ, ಮೂಲರೂಪ ಕೆಡದ ಖಾಸಗಿ ವಾಹನವನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ. ಅವಧಿ 10 ವರ್ಷ. ಅಂತಹ ಗಾಡಿಯನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಉಪಯೋಗಿಸಕೂಡದು. ಅಡಿಗಟ್ಟು, ಮೈಗಟ್ಟು, ಎಂಜಿನುಗಳನ್ನು ಮನಸ್ಸಿಗೆ ಬಂದಂತೆ ಮಾರ್ಪಡಿಸಿದವರು ಈ ಸೌಲಭ್ಯವನ್ನು ಕಳೆದುಕೊಳ್ಳುತ್ತಾರೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಈ ಗೊಡವೆಯೇಕೆ? ಹೊಸ ಗಾಡಿಯು ತನ್ನ ರೋಗವನ್ನು ತಾನೇ ಗುಪ್ತಲಿಪಿಯಲ್ಲಿ ಹೇಳಿ, ಭಾಗವನ್ನು ಬದಲಿಸಿರೆಂದು ಆಜ್ಞಾಪಿಸುತ್ತದೆ. ಹಳೆಯ ಗಾಡಿಯಲ್ಲಿ ಕಾರಣವನ್ನು ನಾವೇ ಹುಡುಕಬೇಕು. ಓದಿದವನಿಗೆ ಕೈಯ ಅಭ್ಯಾಸವಿಲ್ಲ. ಕೈಯ ಅಭ್ಯಾಸವಿದ್ದವನಿಗೆ ಪುಸ್ತಕ ಸಿಕ್ಕಿಲ್ಲ. ಇವರಿಬ್ಬರ ನಡುವಣ ಅಂತರದಲ್ಲಿಯೇ ನಮ್ಮ ಗಾಡಿಯ ಕಂಬ ಬಿರುಕುಬಿಟ್ಟಿತು. ಆ ಮೇಸ್ತ್ರಿಗಳು ಈಗ ಕಣ್ಣು ಮಂಜಾಗಿ ಕೆಲಸವನ್ನು ಬಿಟ್ಟಿದ್ದಾರೆ. ಅವರ ಬಳಿ ಕಲಿತು ಉಳಿದ ಶಿಷ್ಯರಿಲ್ಲ. ಆದಕಾರಣ ಕೈಪಿಡಿಯ ಎಣ್ಣೆಯ ಪುಟವನ್ನು ಕನ್ನಡದಲ್ಲಿ ಬರೆದು, ಎಣ್ಣೆ ಎಲ್ಲಿ, ಗ್ರೀಸು ಎಲ್ಲಿ ಎಂಬುದನ್ನು ಚಿತ್ರಸಹಿತ ತೋರಿಸಿ, ಬಾನೆಟ್ಟಿನ ಒಳಮೈಗೆ ಅಂಟಿಸಿದ್ದೇವೆ. ಗ್ರೀಸು ತುಂಬಿದ್ದ ಆ ಸರ್ವಿಸ್ ಅಂಗಡಿಯ ಹುಡುಗನಿಗೂ ಅದರ ಒಂದು ಪ್ರತಿಯನ್ನು ಕೊಟ್ಟೆವು. ಅವನು ಅದನ್ನು ಎರಡು ಸಲ ಓದಿ, ಮಡಚಿ ಜೇಬಿನಲ್ಲಿಟ್ಟುಕೊಂಡನು. ಹಳೆಯ ಗಾಡಿಯುಳ್ಳ ಶ್ರೋತೃಗಳು ತಮ್ಮ ಗಾಡಿಗೂ ಹೀಗೆಯೇ ಒಂದು ಪುಟವನ್ನು ಬರೆದು ಅಂಟಿಸಬೇಕೆಂದು ಬೇಡಿ, ಈ ಭಾಷಣವನ್ನು ಮುಗಿಸುತ್ತೇವೆ.