ನಮ್ಮ ಸೀಮೆಯ ಚಿರತೆ: ಬೋನು ಕೇಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು



ಚಿರತೆ ಕಾಣಿಸಿಕೊಂಡ ಸುದ್ದಿ ಹಬ್ಬಿದ ವಾರದಲ್ಲಿ ಗ್ರಾಮ ಸಭೆ ನಡೆದರೆ ಚರ್ಚೆಯು ಒಂದೇ ಬೇಡಿಕೆಗೆ ಬಂದು ನಿಲ್ಲುತ್ತದೆ: ಅರಣ್ಯ ಇಲಾಖೆಯವರು ಬೋನು ಇಡಲಿ, ಹಿಡಿದು ದೂರದ ಕಾಡಿಗೆ ಬಿಡಲಿ. 2022ರ ಡಿಸೆಂಬರ್‌ನಲ್ಲಿ ಕೆಂಗೇರಿ ಹಾಗೂ ತುರಹಳ್ಳಿಯ ಸುತ್ತಮುತ್ತ ಚಿರತೆ ಓಡಾಡಿದಾಗಲೂ ಇದೇ ಮಾತು ಕೇಳಿಬಂದಿತು. ಜನರ ಭಯ ಸಹಜವಾದುದು. ಆದರೆ ಪ್ರಾಣಿಯ ಸ್ವಭಾವವನ್ನು ಅರಿತರೆ, ಬೋನಿಗಿಂತ ಹೆಚ್ಚಿನ ಕೆಲಸವು ಪಂಚಾಯಿತಿಯ ಕೈಯಲ್ಲಿಯೇ ಇದೆಯೆಂಬುದು ಮನವರಿಕೆಯಾಗುತ್ತದೆ.

ಮೊದಲಿಗೆ ಗುರುತಿನ ವಿಚಾರ. ವಯಸ್ಕ ಗಂಡು ಚಿರತೆಯು ಸಾಮಾನ್ಯವಾಗಿ 50ರಿಂದ 70 ಕಿ.ಗ್ರಾಂ., ಹೆಣ್ಣು 30ರಿಂದ 40 ಕಿ.ಗ್ರಾಂ. ತೂಗುತ್ತದೆ. ಹಳದಿ ಮೈಮೇಲಿನ ಕಪ್ಪು ಗುರುತುಗಳು ಬಿಡಿ ಚುಕ್ಕೆಗಳಲ್ಲ. ನಡುವೆ ಬಣ್ಣ ತುಂಬಿದ, ಅಂಚು ಒಡೆದ ಉಂಗುರಗಳು. ಒಂದರ ಮೈಯ ವಿನ್ಯಾಸ ಮತ್ತೊಂದಕ್ಕೆ ಹೊಂದುವುದಿಲ್ಲವಾದ್ದರಿಂದ, ನಮ್ಮ ಹೆಬ್ಬೆಟ್ಟಿನ ಗುರುತಿನಂತೆಯೇ, ಸ್ವಯಂಚಾಲಿತ ಕ್ಯಾಮೆರಾ ಚಿತ್ರಗಳಿಂದ ಎಷ್ಟು ಚಿರತೆಗಳಿವೆಯೆಂದು ಅಂದಾಜಿಸಲು ಸಾಧ್ಯವಾಗಿದೆ. ಕುನೋದಲ್ಲಿ ಬಿಡಲಾದ ಚೀತಾ ಬೇರೆಯೇ ಪ್ರಾಣಿ. ನಮ್ಮ ಹಳ್ಳಿಗಳ ಹಿರಿಯರಲ್ಲಿ ಚಿರತೆಯನ್ನು ಕಿರುಬ ಎನ್ನುವವರಿದ್ದಾರೆ. ದೂರಿನ ಅರ್ಜಿಯಲ್ಲಿ ಆ ಪದ ಬಂದರೆ ಕತ್ತೆಕಿರುಬವೋ ಚಿರತೆಯೋ ಎಂದು ಕೇಳಿ ಬರೆದುಕೊಳ್ಳುವುದು ಒಳ್ಳೆಯದು.

ಹೆಜ್ಜೆ ಗುರುತಿನ ಚಿತ್ರಗಳು ಮೊಬೈಲಿನಲ್ಲಿ ಬರುತ್ತಲೇ ಇರುತ್ತವೆ. ನನಗೆ ಬಂದವುಗಳಲ್ಲಿ ಬಹುಪಾಲು ನಾಯಿಯವು. ನಡೆಯುವಾಗ ಚಿರತೆಯು ಉಗುರುಗಳನ್ನು ಒಳಗೆಳೆದುಕೊಳ್ಳುವುದರಿಂದ ಅದರ ಹೆಜ್ಜೆ ದುಂಡಗಿದ್ದು ಉಗುರಿನ ಗೀರು ಕಾಣುವುದಿಲ್ಲ; ನಾಯಿಯ ಹೆಜ್ಜೆ ಉದ್ದವಾಗಿದ್ದು ಬೆರಳುಗಳ ಮುಂದೆ ಉಗುರು ಮೂಡಿರುತ್ತದೆ. ಚಿತ್ರ ತೆಗೆಯುವವರು ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣವನ್ನಿಟ್ಟರೆ ಅಳತೆ ತಿಳಿಯುತ್ತದೆ.

ಇನ್ನು ನೆಲೆ. ಕೆಂಗೇರಿ ಪುರಸಭೆಯು 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿದರೂ ಸುತ್ತಲಿನ ನೆಲದ ಗುಣ ಅಷ್ಟಾಗಿ ಬದಲಾಗಿಲ್ಲ. ತುರಹಳ್ಳಿ, ಬಿ.ಎಂ. ಕಾವಲ್, ಯು.ಎಂ. ಕಾವಲ್, ಸೂಲಿಕೆರೆ ಅರಣ್ಯ, ತಾತಗುಣಿಯ ರೋರಿಕ್ ಎಸ್ಟೇಟ್ ಒಂದಕ್ಕೊಂದು ಹತ್ತಿರದಲ್ಲಿವೆ; ದಕ್ಷಿಣಕ್ಕೆ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನವಿದೆ. ನಡುವಿನ ಹಳ್ಳ, ಬಂಡೆಗುಡ್ಡ, ನೀಲಗಿರಿ ತೋಪು, ಲಂಟಾನ ಬೆಳೆದ ಖಾಲಿ ನಿವೇಶನಗಳೇ ಚಿರತೆಗೆ ಹಾದಿ. ಹೊಳೆಮತ್ತಿ ನೇಚರ್ ಫೌಂಡೇಷನ್ ಸಂಸ್ಥೆಯು ಕ್ಯಾಮೆರಾಗಳ ಮೂಲಕ ನಡೆಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬೆಂಗಳೂರಿನ ಆಸುಪಾಸಿನಲ್ಲಿ 80ರಿಂದ 85 ಚಿರತೆಗಳಿವೆ. ಬನ್ನೇರುಘಟ್ಟದ ಒಳಗೆ ಸುಮಾರು 54, ಉಳಿದ ಸುಮಾರು 30 ಮೇಲೆ ಹೇಳಿದಂತಹ ಚಿಕ್ಕ ಕಾಡುಗಳಲ್ಲಿ. ಹಾಗಾಗಿ ಸೂಲಿಕೆರೆಯಲ್ಲೋ ರಾಮೋಹಳ್ಳಿಯಲ್ಲೋ ಚಿರತೆ ಕಂಡರೆ ಅದು ಬನ್ನೇರುಘಟ್ಟದಿಂದ ದಾರಿ ತಪ್ಪಿ ಬಂದಿದೆಯೆಂದು ಭಾವಿಸಬೇಕಿಲ್ಲ. ಅದು ಇಲ್ಲಿಯ ನಿವಾಸಿಯೇ ಆಗಿರಬಹುದು.

ಹುಲಿಗೆ ದೊಡ್ಡ ಕಾಡು, ದೊಡ್ಡ ಬೇಟೆ ಬೇಕು. ಚಿರತೆಗೆ ಹಾಗಲ್ಲ. ಹಗಲಲ್ಲಿ ಮರೆಯಾಗಿ ಮಲಗಲು ಒಂದಿಷ್ಟು ಪೊದೆ, ರಾತ್ರಿ ತಿನ್ನಲು ಮೊಲ, ನವಿಲು, ಹಂದಿಮರಿ, ಕುರಿ, ನಾಯಿ ಇವುಗಳಲ್ಲಿ ಯಾವುದಾದರೂ ಸಿಕ್ಕರೆ ಸಾಕು. ಮಹಾರಾಷ್ಟ್ರದ ಅಕೋಲೆ ತಾಲೂಕಿನ ಕಬ್ಬಿನ ಸೀಮೆಯಲ್ಲಿ ಚಿರತೆಗಳ ಹಿಕ್ಕೆಯನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅವುಗಳ ಆಹಾರದಲ್ಲಿ ಶೇ. 87ರಷ್ಟು ಸಾಕುಪ್ರಾಣಿಗಳೆಂದೂ ನಾಯಿಯೊಂದರ ಪಾಲೇ ಶೇ. 39 ಎಂದೂ ಕಂಡುಕೊಂಡರು. ಈ ಎರಡು ಅಂಕಿಗಳನ್ನು ಪ್ರತಿಯೊಬ್ಬ ಸದಸ್ಯರೂ ನೆನಪಿನಲ್ಲಿಡಬೇಕೆಂಬುದು ನನ್ನ ಕೋರಿಕೆ. ಕಾರಣ ಸರಳವಾಗಿದೆ. ರಸ್ತೆಬದಿಯಲ್ಲಿ ಕೋಳಿ ಅಂಗಡಿಯ ತ್ಯಾಜ್ಯ ಸುರಿದರೆ ನಾಯಿಗಳು ಸೇರುತ್ತವೆ, ನಾಯಿಗಳನ್ನು ಹುಡುಕಿ ಚಿರತೆ ಬರುತ್ತದೆ. ನಗರದ ಅಂಚಿನಲ್ಲಿರುವ ನಮ್ಮ ಪಂಚಾಯಿತಿಗಳಲ್ಲಿ ರಾತ್ರಿ ವೇಳೆ ಹೊರಗಿನವರು ತಂದು ಸುರಿಯುವ ತ್ಯಾಜ್ಯವೇ ಹೆಚ್ಚು. ಚಿರತೆಗೆ ನಾವು ಕರೆಯದೆಯೇ ಊಟ ಬಡಿಸುತ್ತಿದ್ದೇವೆ.

ಹಿಡಿದು ಬೇರೆಡೆ ಬಿಡುವ ಕ್ರಮದ ಫಲವೇನೆಂಬುದೂ ಅನುಭವದಿಂದ ತಿಳಿದಿದೆ. ಮಹಾರಾಷ್ಟ್ರದ ಜುನ್ನಾರ್ ಭಾಗದಲ್ಲಿ ಈ ಶತಮಾನದ ಆರಂಭದ ವರ್ಷಗಳಲ್ಲಿ ಹಾಗೆ ಮಾಡಿದ ನಂತರ ಮನುಷ್ಯರ ಮೇಲಿನ ದಾಳಿಗಳು ಹೆಚ್ಚಿದವು. 2009ರಲ್ಲಿ ಅದೇ ರಾಜ್ಯದಲ್ಲಿ ಬಾವಿಗೆ ಬಿದ್ದ ಮುದಿ ಗಂಡು ಚಿರತೆಯೊಂದಕ್ಕೆ ಕೊರಳಪಟ್ಟಿ ತೊಡಿಸಿ ಮಾಳಶೇಜ್ ಘಾಟಿಯಲ್ಲಿ ಬಿಡಲಾಯಿತು. ‘ಆಜೋಬಾ’ ಎಂದು ಹೆಸರಾದ ಅದು ಹೆದ್ದಾರಿ, ರೈಲು ಹಳಿ, ಊರುಗಳನ್ನು ದಾಟಿ ಸುಮಾರು 120 ಕಿ.ಮೀ. ನಡೆದು ಮುಂಬಯಿಯ ರಾಷ್ಟ್ರೀಯ ಉದ್ಯಾನವನ್ನು ಸೇರಿತು. ಅಪರಿಚಿತ ಜಾಗದಲ್ಲಿ ಬಿಟ್ಟ ಪ್ರಾಣಿ ಅಲ್ಲಿಯೇ ನಿಲ್ಲುವುದೆಂಬ ಖಾತ್ರಿಯಿಲ್ಲ. ಇತ್ತ ತೆರವಾದ ಜಾಗಕ್ಕೆ ಮತ್ತೊಂದು ಚಿರತೆ, ಬಹುತೇಕ ತಾಯಿಯಿಂದ ಆಗಷ್ಟೇ ಬೇರ್ಪಟ್ಟ ಎಳೆಯದು, ಬಂದು ಸೇರುತ್ತದೆ. ನಾಯಿ ಮತ್ತು ಪೊದೆ ಇರುವವರೆಗೆ ಜಾಗ ಖಾಲಿ ಉಳಿಯದು.

ಚಿರತೆಯು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಒಂದನೇ ಅನುಸೂಚಿಯಲ್ಲಿದೆ. ಮುಖ್ಯ ವನ್ಯಜೀವಿ ಪರಿಪಾಲಕರ ಆದೇಶವಿಲ್ಲದೆ ಅದನ್ನು ಹಿಡಿಯುವಂತಿಲ್ಲ. ಪಂಚಾಯಿತಿಯ ನಿರ್ಣಯವು ಮನವಿಯಾಗಬಹುದೇ ಹೊರತು ಆದೇಶವಾಗಲಾರದು.

ಹೀಗೆಂದ ಮಾತ್ರಕ್ಕೆ ಅಪಾಯವಿಲ್ಲವೆಂದಲ್ಲ. 2022ರ ಅಕ್ಟೋಬರ್‌ನಿಂದ 2023ರ ಜನವರಿಯವರೆಗೆ ತಿ. ನರಸೀಪುರ ತಾಲೂಕಿನಲ್ಲಿ ನಾಲ್ವರು ಚಿರತೆ ದಾಳಿಗೆ ಬಲಿಯಾದರು. 2024ರ ನವೆಂಬರ್‌ನಲ್ಲಿ ನೆಲಮಂಗಲ ತಾಲೂಕಿನಲ್ಲಿ ಹುಲ್ಲು ತರಲು ಹೋದ ಮಹಿಳೆ ಪ್ರಾಣ ಕಳೆದುಕೊಂಡರು. ಮನುಷ್ಯರನ್ನೇ ಗುರಿಯಾಗಿಸಿದ ಚಿರತೆಯ ವಿಚಾರದಲ್ಲಿ ಸೆರೆ ಅನಿವಾರ್ಯ. ಅಲ್ಲಿ ಇಲಾಖೆಯನ್ನು ಒತ್ತಾಯಿಸುವುದು ಸದಸ್ಯರ ಕರ್ತವ್ಯವೇ ಸರಿ. ಕೇವಲ ಕಣ್ಣಿಗೆ ಬಿದ್ದ ಚಿರತೆಯನ್ನು ಮತ್ತು ದಾಳಿ ಮಾಡಿದ ಚಿರತೆಯನ್ನು ಬೇರೆಬೇರೆಯಾಗಿ ನೋಡಬೇಕು ಎಂಬುದಷ್ಟೇ ಇಲ್ಲಿನ ಮಾತು. ಕುಳಿತ ಅಥವಾ ಬಗ್ಗಿದ ಮನುಷ್ಯನು ಪೊದೆಯ ಮರೆಯಿಂದ ನೋಡುವ ಚಿರತೆಗೆ ನಾಲ್ಕು ಕಾಲಿನ ಪ್ರಾಣಿಯಂತೆ ಕಾಣಬಹುದು. ಆದ್ದರಿಂದ ಹುಲ್ಲು, ಸೌದೆಗೆ ಹೋಗುವವರು ಇಬ್ಬರು ಮೂವರು ಕೂಡಿ, ಮಾತನಾಡುತ್ತಾ ಹೋಗಬೇಕು. ಮುಸ್ಸಂಜೆಯ ನಂತರ ಮಕ್ಕಳನ್ನು ಒಂಟಿಯಾಗಿ ಕಳುಹಿಸಬಾರದು. ಬಯಲು ಶೌಚಕ್ಕೆ ಹೋಗುವ ಮನೆಗಳಿದ್ದರೆ ಅವುಗಳ ಶೌಚಾಲಯದ ಕೆಲಸವನ್ನು ಮೊದಲು ಮುಗಿಸಬೇಕು.

ಪಂಚಾಯಿತಿಯ ಕೆಲಸಗಳ ಪೈಕಿ ಮಾಂಸದ ತ್ಯಾಜ್ಯದ ವಿಲೇವಾರಿಯನ್ನು ನಾನು ಮೊದಲನೆಯ ಸ್ಥಾನದಲ್ಲಿಡುತ್ತೇನೆ. ಕೋಳಿ, ಕುರಿ ಮಾಂಸದ ಅಂಗಡಿಗಳಿಗೆ ಪರವಾನಗಿ ನೀಡುವಾಗಲೇ ತ್ಯಾಜ್ಯ ಎಲ್ಲಿಗೆ ಹೋಗುತ್ತದೆಂದು ಬರೆಸಿಕೊಳ್ಳಬೇಕು. ಬೀದಿನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆಯು 2023ರ ನಿಯಮಗಳಂತೆ ಸ್ಥಳೀಯ ಸಂಸ್ಥೆಯ ಹೊಣೆ. ಕಾಡಂಚಿನ ದಾರಿಯ ಬೀದಿದೀಪ, ಶಾಲೆ ಮತ್ತು ಅಂಗನವಾಡಿಯ ಸುತ್ತಲಿನ ಪೊದೆ ತೆರವು ಖರ್ಚಿನ ದೃಷ್ಟಿಯಿಂದ ಸಣ್ಣ ಕೆಲಸಗಳು. ಕೊಟ್ಟಿಗೆಗಳ ವಿಚಾರದಲ್ಲಿ ಎಂಜಿನಿಯರಿಂಗ್ ಓದಿದವನಾಗಿ ಒಂದು ಮಾತು: ನರೇಗಾದಡಿ ಕಟ್ಟಿದ ಎಷ್ಟೋ ಕೊಟ್ಟಿಗೆಗಳಲ್ಲಿ ಛಾವಣಿ, ಗೋದಲಿ ಇವೆ, ಆದರೆ ಬದಿಗಳು ತೆರೆದಿವೆ. ದನಕ್ಕೆ ಗಾಳಿ ಬೇಕು, ನಿಜ. ಚಿರತೆಯಾದರೋ ಆಳೆತ್ತರದ ಗೋಡೆಯನ್ನು ಸುಲಭವಾಗಿ ಹಾರಬಲ್ಲದು. ಗೋಡೆಯಿಂದ ಛಾವಣಿಯವರೆಗೆ ಗಟ್ಟಿ ತಂತಿಜಾಲರಿ, ಚಿಲಕವಿರುವ ಬಾಗಿಲು ಇವೆರಡೂ ಇದ್ದರೆ ಕುರಿ, ಕರುಗಳು ಉಳಿಯುತ್ತವೆ. ಕಟ್ಟೆಯಿಲ್ಲದ ತೆರೆದ ಬಾವಿಗಳಿಗೂ ಜಾಲರಿ ಬೇಕು.

ಜಾನುವಾರು ಸತ್ತರೆ ಮಾಲೀಕರು ದೇಹವನ್ನು ಕೂಡಲೇ ಹೂಳಬಾರದು. ಅರಣ್ಯ ಸಿಬ್ಬಂದಿಯ ಮಹಜರು ಮತ್ತು ಪಶುವೈದ್ಯರ ವರದಿಯಿಲ್ಲದೆ ಪರಿಹಾರದ ಕಡತ ಮುಂದೆ ಸಾಗುವುದಿಲ್ಲ.

ಹಗಲಿನಲ್ಲಿ ಚಿರತೆಯು ಮನೆಗೋ ತೋಟಕ್ಕೋ ಹೊಕ್ಕಾಗ ಜನ ಗುಂಪುಗೂಡುವುದೇ ದೊಡ್ಡ ಅಪಾಯ. ಅರಿವಳಿಕೆ ಚುಚ್ಚಿದರೂ ಅದು ಮಲಗಲು ಹಲವು ನಿಮಿಷಗಳು ಬೇಕು. ಆ ಹೊತ್ತಿನಲ್ಲಿ ಕೂಗಾಟ ಕೇಳಿದ ಪ್ರಾಣಿ ಎತ್ತ ಹಾಯುವುದೆಂದು ಹೇಳಲಾಗದು. 2023ರ ನವೆಂಬರ್ 1ರಂದು ಕೂಡ್ಲು ಬಳಿ ನಡೆದ ಕಾರ್ಯಾಚರಣೆಯಲ್ಲಿ ಸಿಬ್ಬಂದಿ ಗಾಯಗೊಂಡರು, ಚಿರತೆ ಗುಂಡೇಟಿಗೆ ಸತ್ತಿತು. ಅಂತಹ ಸಂದರ್ಭದಲ್ಲಿ ಸದಸ್ಯರು ತಮ್ಮ ವಾರ್ಡಿನವರನ್ನು ಮನೆಯೊಳಗೆ ಕಳುಹಿಸಿ, ಪ್ರಾಣಿಗೆ ಹೊರಹೋಗುವ ಒಂದು ದಾರಿಯನ್ನು ತೆರೆದಿಟ್ಟು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಹಾಗೂ ಪೊಲೀಸ್ ಠಾಣೆಗೆ ಕರೆ ಮಾಡಬೇಕು. ಪೊದೆಯಲ್ಲೋ ಬೆಳೆಯ ನಡುವೆಯೋ ಮರಿಗಳಷ್ಟೇ ಕಂಡರೆ ಎತ್ತಿಕೊಳ್ಳಬಾರದು, ಚಿತ್ರ ತೆಗೆಯಲು ಸುತ್ತುವರಿಯಲೂಬಾರದು. ತಾಯಿ ಸಮೀಪದಲ್ಲಿಯೇ ಇದ್ದು ಕತ್ತಲಾದ ಮೇಲೆ ಮರಿಗಳನ್ನು ಕಚ್ಚಿಕೊಂಡು ಬೇರೆಡೆಗೆ ಸಾಗಿಸುವುದುಂಟು. ಅಂದು ರಾತ್ರಿ ಆ ಹೊಲದ ಕಡೆ ನೀರು ಬಿಡಲು ಯಾರೂ ಹೋಗದಂತೆ ನೀರಗಂಟಿಗೂ ಅಕ್ಕಪಕ್ಕದ ರೈತರಿಗೂ ಮೊದಲೇ ತಿಳಿಸಿರಬೇಕು.