ಶಿಬಿರ ಮುಗಿದ ಮೇಲೆ ಬರುವ ಫೋನ್: ರಕ್ತದಾನಿಗಳು ಮತ್ತು ಹೆಪಟೈಟಿಸ್ ಬಿ

ಮಹಾವೀರ ಜಯಂತಿ, ಹಿರಿಯರ ಪುಣ್ಯಸ್ಮರಣೆ ಬಂದರೆ ಜೈನ ಸಮಾಜದವರು ರಕ್ತದಾನ ಶಿಬಿರ ಏರ್ಪಡಿಸುವುದು ರೂಢಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ಊರುಗಳಲ್ಲಿ ಅದು ಒಂದು ದಿನದ ಕೆಲಸ. ತೂಕ, ಬಿಪಿ, ಹಿಮೋಗ್ಲೋಬಿನ್ ಶಿಬಿರದಲ್ಲೇ ನೋಡುತ್ತಾರೆ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಈ 5 ಕಡ್ಡಾಯ ಪರೀಕ್ಷೆಗಳು ಮಾತ್ರ ರಕ್ತ ರಕ್ತನಿಧಿ ಕೇಂದ್ರ ತಲುಪಿದ ಮೇಲೆ ನಡೆಯುತ್ತವೆ. ದೇಶದ ಬಹುತೇಕ ಕಡೆ ಇವುಗಳಲ್ಲಿ ಹೆಚ್ಚಾಗಿ ಪತ್ತೆಯಾಗುವುದು ಹೆಪಟೈಟಿಸ್ ಬಿ. ಅಂಥ ರಕ್ತವನ್ನು ನಾಶಪಡಿಸುತ್ತಾರೆ. ಆದರೆ ಕೊಟ್ಟವನ ಗತಿ?

ಅವನಿಗೆ ಕಾಯಿಲೆಯ ಸುಳಿವೇ ಇರುವುದಿಲ್ಲ. ಕಣ್ಣು ಹಳದಿಯಾದರೆ ಮಾತ್ರ ಲಿವರ್ ರೋಗ ಎಂಬುದು ಜನರ ನಂಬಿಕೆ. ಈ ವೈರಸ್ ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು, ಕೆಲವರಲ್ಲಿ ಸಿರೋಸಿಸ್, ಕ್ಯಾನ್ಸರ್‌ಗೆ ದಾರಿ ಮಾಡುತ್ತದೆ. ಭಾರತದಲ್ಲಿ ಸುಮಾರು 3 ಕೋಟಿ ಜನರಿಗೆ ಇದು ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಸೋಂಕು ಎಂದ ಕೂಡಲೇ ನಡತೆಯ ಮೇಲೆ ಅನುಮಾನ ಪಡುವವರು ಬಹಳ. ಲೈಂಗಿಕ ಸಂಪರ್ಕದಿಂದಲೂ ಹರಡುತ್ತದೆ, ನಿಜ. ಆದರೆ ಎಷ್ಟೋ ಜನರಿಗೆ ಇದು ಬಂದಿರುವುದು ಹೆರಿಗೆಯಲ್ಲಿ ತಾಯಿಯಿಂದ, ಇಲ್ಲವೇ ಎಳೆಯ ವಯಸ್ಸಿನಲ್ಲಿ. ಹುಟ್ಟುವಾಗ ತಗುಲಿದರೆ 100ರಲ್ಲಿ 90 ಮಕ್ಕಳಲ್ಲಿ ಉಳಿದುಬಿಡುತ್ತದೆ. ದೊಡ್ಡವರಾದ ಮೇಲೆ ತಗುಲಿದರೆ ಉಳಿಯುವುದು 5ಕ್ಕಿಂತ ಕಡಿಮೆ ಜನರಲ್ಲಿ. ಮನೆಯಲ್ಲೇ ಹೆರಿಗೆ, ಆಸ್ಪತ್ರೆ ದೂರವೆಂದು ಹತ್ತಿರದಲ್ಲಿ ಸಿಕ್ಕವರಿಂದ ಹಾಕಿಸಿಕೊಂಡ ಇಂಜೆಕ್ಷನ್, ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹತ್ತಾರು ಮಂದಿಗೆ ಹಾಕಿದ ಹಚ್ಚೆ, ಬದಲಿಸದ ಬ್ಲೇಡು, ಇವು ಬಡತನ ಮತ್ತು ದೂರದ ಊರಿನ ಲೆಕ್ಕಕ್ಕೆ ಸೇರಬೇಕಾದವು. ಒಣಗಿದ ರಕ್ತದ ಕಲೆಯಲ್ಲೂ ಈ ವೈರಸ್ 7 ದಿನ ಬದುಕಬಲ್ಲದು. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದರಿಂದ ಹತ್ತಾರು ಮಂದಿ ಸತ್ತರು. ಅವರ ತಪ್ಪೇನಿತ್ತು?

ಲಸಿಕೆಯದೂ ಇದೇ ಕಥೆ. ಸರ್ಕಾರಿ ಕಾರ್ಯಕ್ರಮದಲ್ಲಿ 2002ರಲ್ಲಿ ಕೆಲವೆಡೆ ಶುರುವಾಗಿ ದೇಶದ ಎಲ್ಲೆಡೆ ಬಂದದ್ದು 2011ರ ಹೊತ್ತಿಗೆ. ಇಂದು ಶಿಬಿರದಲ್ಲಿ ಸಾಲಾಗಿ ನಿಲ್ಲುವ ಹೆಚ್ಚಿನವರು ಅದಕ್ಕೂ ಮೊದಲು ಹುಟ್ಟಿದವರು.

ದಾನಿಗಳ ಅರ್ಜಿಯಲ್ಲಿ ಒಂದು ಪ್ರಶ್ನೆ ಇರುತ್ತದೆ: ಪರೀಕ್ಷೆಯಲ್ಲಿ ದೋಷ ಕಂಡರೆ ತಿಳಿಸಬೇಕೇ? ಗಡಿಬಿಡಿಯಲ್ಲಿ ಅದನ್ನು ಓದದೆ ಸಹಿ ಹಾಕುವವರೇ ಹೆಚ್ಚು. ಮೊಬೈಲ್ ನಂಬರು ತಪ್ಪಿದ್ದರೆ, ಕೂಲಿಗೆಂದು ಬಂದವನು ಊರು ಬಿಟ್ಟಿದ್ದರೆ ಸುದ್ದಿ ತಲುಪುವುದೇ ಇಲ್ಲ. ಶಿಬಿರ ನಡೆಸುವವರು ಹಣ್ಣಿನ ರಸ, ಪ್ರಮಾಣಪತ್ರದ ಮೇಲಿಡುವ ಗಮನವನ್ನು ಸ್ವಲ್ಪ ಈ ಕಾಲಂ ಮೇಲೂ ಇಡಬೇಕು. ಫಲಿತಾಂಶ ದಾನಿಗೆ ಮಾತ್ರ ತಿಳಿಯಬೇಕು, ಸಂಘದ ಪದಾಧಿಕಾರಿಗಳಿಗಲ್ಲ.

ಫೋನ್ ಬಂದರೆ ಹೆದರಬೇಕಿಲ್ಲ. ಮೊದಲ ಪರೀಕ್ಷೆಯೇ ಅಂತಿಮವಲ್ಲ, ವೈದ್ಯರ ಬಳಿ ಮತ್ತೆ ಖಚಿತಪಡಿಸಿಕೊಳ್ಳಬೇಕು. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಬೇಕಾದವರಿಗೆ 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಚಿಕಿತ್ಸೆ ಉಚಿತ. ನೆಲನೆಲ್ಲಿ ಸೊಪ್ಪನ್ನೇ ನಂಬಿ ಕೂರುವುದು ಬೇಡ. 1988ರಲ್ಲಿ ಮದ್ರಾಸಿನ ಒಂದು ಅಧ್ಯಯನ ಆಸೆ ಹುಟ್ಟಿಸಿತ್ತು, ಮುಂದಿನವು ಅದನ್ನು ದೃಢಪಡಿಸಲಿಲ್ಲ.

ಒಟ್ಟಿಗೆ ಊಟ ಮಾಡಿದರೆ, ಮಗುವನ್ನು ಎತ್ತಿಕೊಂಡರೆ ಇದು ಬರುವುದಿಲ್ಲ. ರೇಜರ್, ಹಲ್ಲುಜ್ಜುವ ಬ್ರಷ್ ಮಾತ್ರ ಬೇರೆ ಇರಲಿ. ಹೆಂಡತಿ, ಮಕ್ಕಳು, ಒಡಹುಟ್ಟಿದವರು ಪರೀಕ್ಷೆ ಮಾಡಿಸಿಕೊಂಡು, ಸೋಂಕಿಲ್ಲದವರು 6 ತಿಂಗಳಲ್ಲಿ 3 ಡೋಸ್ ಲಸಿಕೆ ಪಡೆಯಬೇಕು. ಮದುವೆ ಮಾತುಕತೆಯಲ್ಲಿ ಮುಚ್ಚಿಡುವುದಕ್ಕಿಂತ ಮೊದಲೇ ಹೇಳಿ ಸಂಗಾತಿಗೆ ಲಸಿಕೆ ಹಾಕಿಸುವುದು ಲೇಸು. ಗರ್ಭಿಣಿಗೆ ಸೋಂಕಿದ್ದರೆ ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಮಗುವಿಗೆ ಲಸಿಕೆ, ಜೊತೆಗೆ ಇಮ್ಯುನೋಗ್ಲೋಬ್ಯುಲಿನ್, ಎರಡೂ ಹುಟ್ಟಿದ 24 ಗಂಟೆಯೊಳಗೆ ಬೀಳಬೇಕು.