ಊರ ಕೆರೆಯಲ್ಲಿ ಗಾಳ: ಹಿಡಿಯುವುದು ಯಾವುದು, ಬಿಡುವುದು ಯಾವುದು?



ಮಳೆ ಚೆನ್ನಾಗಿ ಆಗಿ ಊರ ಕೆರೆ ತುಂಬಿದೆ ಅನ್ನಿ. ಸಂಜೆ ದನ ಕಟ್ಟಿದ ಮೇಲೆ ನಾಲ್ಕು ಜನ ಏರಿಯ ಕೆಳಗೆ ಗಾಳ ಹಾಕಿ ಕೂತಿರುತ್ತಾರೆ. ಬೆಂಡು ಅಲುಗುತ್ತದೆ. ಎಳೆದು ನೋಡಿದರೆ ಅಂಗೈಯಗಲದ ಜಿಲೇಬಿ ಮೀನು. ಮತ್ತೆ ಹಾಕಿದರೆ ಮತ್ತೆ ಅದೇ. "ನಮ್ಮಪ್ಪನ ಕಾಲದಲ್ಲಿ ಇದೇ ಕೆರೇಲಿ ತೊಡೆಗಾತ್ರದ ಮೀನು ಬೀಳ್ತಿತ್ತು. ಈಗ ಮೀನೇ ಇಲ್ಲ" ಅನ್ನುತ್ತಾರೆ ಒಬ್ಬರು. "ಇನ್ನಷ್ಟು ಮರಿ ತಂದು ಬಿಟ್ಟರೆ ಸರಿಹೋಗುತ್ತೆ" ಅನ್ನುತ್ತಾರೆ ಇನ್ನೊಬ್ಬರು.

ಇಬ್ಬರ ಮಾತೂ ಪೂರ್ತಿ ಸರಿಯಲ್ಲ. ಆ ಕೆರೆಯಲ್ಲಿ ಮೀನು ಇಲ್ಲದೆ ಇಲ್ಲ. ಬೇಕಾದ್ದಕ್ಕಿಂತ ಹೆಚ್ಚಾಗಿ ಇವೆ. ಹೊಟ್ಟೆಗೆ ಸಾಲದೆ ಗಿಡ್ಡಾಗಿವೆ, ಅಷ್ಟೆ.

ಕೆರೆಯೂ ಒಂದು ಹೊಲವೇ

ರಾಗಿ ಒತ್ತಾಗಿ ಹುಟ್ಟಿದರೆ ನೀವೇನು ಮಾಡುತ್ತೀರಿ? ಕುಂಟೆ ಹೊಡೆದು ಪೈರನ್ನು ತೆಳುವು ಮಾಡುತ್ತೀರಿ. ಹಾಗೇ ಬಿಟ್ಟರೆ ಹೊಲವೆಲ್ಲ ಹಸಿರು, ತೆನೆ ಮಾತ್ರ ಬೆರಳ ತುದಿಯಷ್ಟು. ಭೂಮಿಯ ಸಾರ ಇದ್ದಷ್ಟೇ. ಅದನ್ನು ನೂರು ಪೈರು ಹಂಚಿಕೊಳ್ಳುವುದೋ ಸಾವಿರ ಪೈರೋ ಎಂಬುದೇ ಪ್ರಶ್ನೆ.

ಕೆರೆಯದೂ ಇದೇ ಕಥೆ. ನೀರಿನ ಹರವು, ಆಳ, ಅದರಲ್ಲಿ ಹುಟ್ಟುವ ಪಾಚಿ, ಹುಳುಹುಪ್ಪಟೆ, ತಳದ ಕೊಳೆ ಇವೆಲ್ಲ ಸೇರಿ ಎಷ್ಟು ತೂಕದ ಮೀನನ್ನು ಸಾಕಬಲ್ಲುದೋ ಅಷ್ಟೇ ಮೀನು ಅಲ್ಲಿ ಬದುಕುತ್ತದೆ. ಲೆಕ್ಕಕ್ಕೆಂದು ಒಂದು ಕೆರೆ 400 ಕಿಲೋ ಮೀನು ಸಾಕುತ್ತದೆ ಅಂತಿಟ್ಟುಕೊಳ್ಳಿ. ಅಲ್ಲಿ 400 ಮೀನಿದ್ದರೆ ತಲಾ ಒಂದು ಕಿಲೋ ತೂಗುತ್ತದೆ. 8,000 ಮೀನಿದ್ದರೆ ತಲಾ 50 ಗ್ರಾಂ. ಕೆರೆಯ ಒಟ್ಟು ತೂಕ ಒಂದೇ. ಆದರೆ ಮೊದಲನೆಯದರಲ್ಲಿ ಮನೆಮಂದಿಗೆಲ್ಲ ಸಾರು, ಎರಡನೆಯದರಲ್ಲಿ ಬರೀ ಮುಳ್ಳು.

ಇದು ಪರೀಕ್ಷೆ ಮಾಡಿ ಕಂಡುಕೊಂಡ ಸಂಗತಿ. ಅಮೆರಿಕದ ಅಲಬಾಮಾ ರಾಜ್ಯದ ಆಬರ್ನ್‌ನಲ್ಲಿ ಹೋಮರ್ ಸ್ವಿಂಗಲ್ ಎಂಬ ವಿಜ್ಞಾನಿ ಕೃಷಿ ಹೊಂಡಗಳ ಮೀನನ್ನು ಬಹಳ ವರ್ಷ ಎಣಿಸಿ, ತೂಗಿ, ತಮ್ಮ ಫಲಿತಾಂಶವನ್ನು 1950ರಲ್ಲಿ ಪ್ರಕಟಿಸಿದರು. ಅಲ್ಲಿ ಬ್ಲೂಗಿಲ್ ಎಂಬ ಚಿಕ್ಕ ಮೀನು ಉಂಟು, ಅದನ್ನು ತಿಂದು ಬೆಳೆಯುವ ಬಾಸ್ ಎಂಬ ದೊಡ್ಡ ಮೀನೂ ಉಂಟು. ಗಾಳ ಹಾಕುವವರು ಬಾಸನ್ನೇ ಆರಿಸಿ ಹಿಡಿದು ಮುಗಿಸಿದರೆ ಬ್ಲೂಗಿಲ್ ಮಿತಿಮೀರಿ ಹೆಚ್ಚಿ ಗಿಡ್ಡಾಗುತ್ತದೆ. ಎರಡೂ ಹದದಲ್ಲಿದ್ದರೆ ಎರಡೂ ಕೈಗೆ ಬರುತ್ತವೆ.

ನಮ್ಮ ಕೆರೆಯಲ್ಲಿ ಯಾರು ಯಾರು?

ಮೊದಲನೆಯವು ಗೆಂಡೆ ಜಾತಿಯ ಕಾಟ್ಲಾ, ರೋಹು, ಮೃಗಾಲ್. ಕಾಟ್ಲಾ ಮೇಲುನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ. ಒಂದರ ತುತ್ತಿಗೆ ಇನ್ನೊಂದು ಅಷ್ಟಾಗಿ ಕೈಹಾಕುವುದಿಲ್ಲ. ಆದರೆ ಇವು ಮಳೆಗಾಲದ ಹರಿಯುವ ಹೊಳೆನೀರಿನಲ್ಲಿ ಮೊಟ್ಟೆ ಇಡುವ ಮೀನು, ನಿಂತ ಕೆರೆಯಲ್ಲಿ ಮರಿಮಾಡುವುದಿಲ್ಲ. ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಇವುಗಳಿಂದ ಮರಿ ಪಡೆಯುವ ವಿಧಾನ 1957ರಲ್ಲಿ ಕಟಕ್‌ನಲ್ಲಿ ಕೈಗೂಡಿತು. ಅಲ್ಲಿಂದ ಮುಂದೆ ಮರಿ ಸಿಗುವುದು ಸುಲಭವಾಯಿತು. ಹಾಗಾಗಿ ನಿಮ್ಮ ಕೆರೆಯ ಒಂದೊಂದು ಕಾಟ್ಲಾವೂ ಯಾರೋ ದುಡ್ಡು ಕೊಟ್ಟು ತಂದು ಬಿಟ್ಟದ್ದು.

ಎರಡನೆಯದು ಜಿಲೇಬಿ ಮೀನು, ಅಂದರೆ ತಿಲಾಪಿಯಾ. ಆಫ್ರಿಕದ ಈ ಮೀನು 1952ರಲ್ಲಿ ನಮ್ಮ ದೇಶಕ್ಕೆ ಬಂತು. ಎರಡು ಮೂರು ತಿಂಗಳಿಗೇ ಮೊಟ್ಟೆಗೆ ಬರುತ್ತದೆ, ವರ್ಷಕ್ಕೆ ಹಲವು ಸಲ ಮರಿಮಾಡುತ್ತದೆ. ತಾಯಿ ಮೊಟ್ಟೆಯನ್ನೂ ಮರಿಯನ್ನೂ ಬಾಯೊಳಗೇ ಇಟ್ಟು ಕಾಪಾಡುತ್ತದೆ. ಇಂಥದ್ದು ಹೆಚ್ಚದೆ ಇರುತ್ತದೆಯೆ?

ಮೂರನೆಯದು ಕೊರವ ಮೀನು. ಇದು ಚಿಕ್ಕ ಮೀನನ್ನು ಹಿಡಿದು ತಿನ್ನುವ ಮೀನು. ಜಿಲೇಬಿಯ ಮರಿಗಳಿಗೆ ಲಗಾಮು ಇದೇ.

ಈಗ ನಾವು ಮಾಡುತ್ತಿರುವುದನ್ನು ನೋಡಿ. ದೊಡ್ಡ ಕೊರವ ಸಿಕ್ಕರೆ ಹಬ್ಬ ಅಂತ ಮನೆಗೆ ಒಯ್ಯುತ್ತೇವೆ. ಗೇಣುದ್ದದ ರೋಹು ಬಿದ್ದರೆ ಅದೂ ಚೀಲಕ್ಕೆ. ಜಿಲೇಬಿ ಬಿದ್ದರೆ "ಥೂ, ಇದೇನು" ಅಂತ ತಿರುಗಿ ನೀರಿಗೆ ಎಸೆಯುತ್ತೇವೆ. ಪೈರು ಕಿತ್ತು ಕಳೆ ಉಳಿಸಿದ ಹಾಗಾಯಿತಲ್ಲವೆ?

ಹಾಗಾದರೆ ಏನು ಮಾಡಬೇಕು?

ಒಂದು: ಜಿಲೇಬಿ ಮೀನು ಎಷ್ಟೇ ಚಿಕ್ಕದಿರಲಿ, ಮರಳಿ ಬಿಡಬೇಡಿ. ತಿನ್ನಲು ಚೆನ್ನಾಗಿಯೇ ಇರುತ್ತದೆ. ತೀರ ಸಣ್ಣದು ಕೋಳಿಗಾದರೂ ಆಗುತ್ತದೆ.

ಎರಡು: ಮೊಳದುದ್ದಕ್ಕೆ ಬಾರದ ಕಾಟ್ಲಾ, ರೋಹು, ಮೃಗಾಲ್ ಬಿದ್ದರೆ ಬಿಟ್ಟುಬಿಡಿ. ಇವತ್ತು ಕಾಲು ಕಿಲೋ ಇರುವುದು ಮೇವು ಸಿಕ್ಕರೆ ಕೆಲವೇ ತಿಂಗಳಲ್ಲಿ ದುಪ್ಪಟ್ಟಾಗುತ್ತದೆ. ಆದರೆ ಬೇಸಿಗೆಗೆ ಬತ್ತುವ ಕೆರೆಯಲ್ಲಿ ಈ ಮಾತು ಸಲ್ಲದು. ಅಲ್ಲಿ ನೀರು ಇಳಿಯುವ ಮುಂಚೆ ಎಲ್ಲ ಮೀನನ್ನೂ ಹಿಡಿಯುವುದೇ ಲಾಭ. ಗುಂಡಿಗಳಲ್ಲಿ ಉಳಿದ ಜಿಲೇಬಿಯನ್ನೂ ಪೂರ್ತಿ ತೆಗೆದರೆ ಮುಂದಿನ ವರ್ಷ ಹೊಸದಾಗಿ ಶುರುಮಾಡಬಹುದು.

ಮೂರು: ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪನೆಯ ಪುಟ್ಟ ಮರಿಗಳ ಗುಂಪು ಕುದಿಯುವಂತೆ ಆಡುತ್ತಿದ್ದರೆ, ಕೆಳಗೆ ತಾಯಿತಂದೆ ಕೊರವಗಳು ಕಾವಲಿರುತ್ತವೆ. ಅಲ್ಲಿ ಗಾಳ ಹಾಕಿದರೆ ಕೊರವ ಸಿಟ್ಟಿಗೆದ್ದು ಕಚ್ಚುತ್ತದೆ, ಸಿಕ್ಕುವುದು ಸುಲಭ. ಆದರೆ ಅದನ್ನು ಎಳೆದುಕೊಂಡರೆ ಇಡೀ ಗುಂಪು ಬೇರೆ ಮೀನಿನ ಪಾಲು. ಆ ಜಾಗ ಬಿಟ್ಟು ಕೂರಿ.

"ಸಿಕ್ಕ ಮೀನನ್ನು ಬಿಡುವ ದಡ್ಡರು ಯಾರು ಸ್ವಾಮಿ?" ಅಂತೀರಾ? ಕಾವೇರಿ ಹೊಳೆಯಲ್ಲಿ ಭೀಮೇಶ್ವರಿಯ ಹತ್ತಿರ ಹಿಂದೆ ದೂರದೇಶಗಳಿಂದ ಬಂದವರು ಗಾಳ ಹಾಕಿ, ಆಳೆತ್ತರಕ್ಕೆ ಬರುವಂಥ ಮಹಶೀರ್ ಮೀನು ಹಿಡಿದು, ತೂಗಿ, ಮತ್ತೆ ಹೊಳೆಗೇ ಬಿಡುತ್ತಿದ್ದರು. ಹಿಡಿಯುವುದರಲ್ಲೇ ಅವರಿಗೆ ಸಂತೋಷ. ನಾವು ಬಿಡುವುದು ಮುಂದಿನ ಊಟಕ್ಕಾಗಿ.

ಬಿಡುವುದಕ್ಕೂ ಕ್ರಮವುಂಟು. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದರೆ ಬಿಡಿಸುವುದು ಸುಲಭ. ಮೀನನ್ನು ಒದ್ದೆ ಕೈಯಲ್ಲಿ ಹಿಡಿಯಿರಿ. ಒಣಗೈ ತಗುಲಿದರೆ ಮೈಮೇಲಿನ ಲೋಳೆ ಹೋಗಿ ಹುಣ್ಣಾಗುತ್ತದೆ. ಕಿವಿರಿಗೆ ಬೆರಳು ಹಾಕಬೇಡಿ. ಗಾಳ ಗಂಟಲಿಗೆ ಇಳಿದಿದ್ದರೆ ಎಳೆಯದೆ ದಾರ ಕತ್ತರಿಸಿ. ಏರಿಯ ಮೇಲಿಂದ ಎಸೆಯದೆ ನೀರಿಗೆ ಇಳಿಸಿ ಬಿಡಿ.

ಮರಿ ಬಿಡುವ ಮುಂಚೆ

ಮರಿ ತರುವುದಾದರೆ ಬೆರಳುದ್ದಕ್ಕೆ ಬಲಿತದ್ದನ್ನೇ ತನ್ನಿ. ಎಳೆಯ ಮರಿ ಅಗ್ಗ ನಿಜ, ಆದರೆ ಅರ್ಧಕ್ಕರ್ಧ ಕೊಕ್ಕರೆಗೂ ಕೊರವಕ್ಕೂ ತುತ್ತಾದರೆ ಅಗ್ಗ ಎಲ್ಲಿ ಬಂತು? ಮರಿ ತುಂಬಿದ ಚೀಲವನ್ನು ಕಾಲು ಗಂಟೆ ಕೆರೆಯ ನೀರಿನಲ್ಲೇ ತೇಲಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ತಂಪಿಗೆ ಬಂದಮೇಲೆ ಬಾಯಿ ಬಿಚ್ಚಿ. ಎಷ್ಟು ಮರಿ ಬೇಕೆಂಬುದನ್ನು ನೀರಿನ ಹರವು ತಿಳಿಸಿ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯವರನ್ನು ಕೇಳಿ. ಮನೆಯ ತೊಟ್ಟಿಯ ಮೀನನ್ನೂ ಹೊರಗಿನಿಂದ ತಂದ ಗೊತ್ತಿಲ್ಲದ ಮೀನನ್ನೂ ಕೆರೆಗೆ ಸುರಿಯಬೇಡಿ. ಒಮ್ಮೆ ನೆಲೆಯೂರಿದರೆ ತೆಗೆಯುವುದು ಕಷ್ಟ.

ಇನ್ನೊಂದು ಮಾತು. ಅನೇಕ ಕೆರೆಗಳ ಮೀನು ಪಾಶುವಾರು ಹಕ್ಕನ್ನು ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ. ಗಾಳ ಹಾಕುವ ಮುಂಚೆ ಅವರನ್ನು ಕೇಳಿ. ಗಾಳದವರು ಜಿಲೇಬಿ ತೆಗೆಯುವುದು, ಗೆಂಡೆ ಮರಿ ಬಿಡುವುದು ಎಂಬ ಕರಾರಾದರೆ ಸಂಘಕ್ಕೂ ಲಾಭ, ಊರಲ್ಲಿ ಜಗಳವೂ ಇಲ್ಲ. ಸಿಡಿಮದ್ದು, ವಿಷ ಮಾತ್ರ ಯಾರೂ ಮುಟ್ಟಕೂಡದು. ಆ ನೀರನ್ನು ನಿಮ್ಮ ದನಗಳೇ ಕುಡಿಯಬೇಕು.

ತಾಯಂದಿರೇ, ನಿಮಗೊಂದು ಕೆಲಸ. ಮೀನು ಹೆಚ್ಚುವಾಗ ಒಳಗೆ ನೋಡಿ. ಅಂಗೈಗಿಂತ ಚಿಕ್ಕ ಜಿಲೇಬಿಯ ಹೊಟ್ಟೆಯಲ್ಲೂ ಮೊಟ್ಟೆ ತುಂಬಿದ್ದರೆ, ತಲೆ ದಪ್ಪ, ಮೈ ಬಡಕಲಾಗಿದ್ದರೆ, ಕೆರೆ ಒತ್ತಾಗಿದೆ ಎಂದು ತಿಳಿಯಿರಿ. ಯಾವ ಮೀನು, ಎಷ್ಟು, ಎಷ್ಟುದ್ದ ಎಂಬುದನ್ನು ಶಾಲೆಗೆ ಹೋಗುವ ಮಗುವಿನ ಕೈಲಿ ಒಂದು ಪುಸ್ತಕದಲ್ಲಿ ಬರೆಸಿ. ಎರಡು ವರ್ಷದ ಬರಹ ಜೊತೆಗಿಟ್ಟು ನೋಡಿದರೆ ನಿಮ್ಮ ಕೆರೆ ಯಾವ ಕಡೆಗೆ ಹೋಗುತ್ತಿದೆ ಎಂಬುದು ನಿಮಗೇ ಗೊತ್ತಾಗುತ್ತದೆ.

ಮುಂದಿನ ಸಲ ಬೆಂಡು ಮುಳುಗಿದಾಗ ಒಂದು ಗಳಿಗೆ ನಿಂತು ಯೋಚಿಸಿ: ಈಗ ಕೈಗೆ ಬಂದದ್ದು ಪೈರೋ, ಕಳೆಯೋ? ಇಷ್ಟು ಕೇಳಿಕೊಂಡರೆ ಸಾಕು, ಮುಂದಿನ ಸುಗ್ಗಿಗೆ ಕೆರೆಯೇ ಉತ್ತರ ಕೊಡುತ್ತದೆ.